ಕಾರ್ಗೋ ವ್ಯಾನ್ ಕೊಂಡು ಸರಕು ಸಾಗಣೆಗೆ ಇಳಿದರೆ ಕೈಗೆ ಎಷ್ಟು ಉಳಿಯುತ್ತದೆ?

ಹೊಸ ಹಾದಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸದ್ಯ ಸಂಬಳಕ್ಕೆ ಬೇರೆಯವರ ವ್ಯಾನ್ ಓಡಿಸುತ್ತಿದ್ದೇನೆ. ಒಂದು ಸಾಗಣೆ ಕಂಪನಿಯವರು, ಸ್ವಂತ ವ್ಯಾನ್ ತಂದರೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕೊಡುತ್ತೇವೆ, ಲೋಡ್‌ಗೆ ಕೊರತೆಯಿಲ್ಲ ಎನ್ನುತ್ತಿದ್ದಾರೆ. ಅವರು ಹೇಳುವ ದರದಲ್ಲಿ ಡೀಸೆಲ್ ಮತ್ತು ಸಾಲದ ಕಂತು ಕಳೆದರೂ ನನ್ನ ಸಂಬಳಕ್ಕಿಂತ ಹೆಚ್ಚೇ ಉಳಿಯುತ್ತದೆ. ಮನೆಯಲ್ಲಿ ಮಾತ್ರ, "ಅಷ್ಟು ಲಾಭವಿದ್ದರೆ ಅವರೇ ವ್ಯಾನ್ ಕೊಳ್ಳುತ್ತಿರಲಿಲ್ಲವೇ?" ಎಂದು ಕೇಳುತ್ತಿದ್ದಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಡೀಸೆಲ್, ಕಂತು ಬಿಟ್ಟರೆ ಇನ್ನೇನನ್ನು ಲೆಕ್ಕಕ್ಕೆ ಹಿಡಿಯಬೇಕು? ಹೊಸ ವ್ಯಾನೋ, ಹಳೆಯದೋ? ಇಲ್ಲಿ ಎಲ್ಲ ಕಡೆಯವರೂ ಇರುವುದರಿಂದ ಹಣದ ಮೊತ್ತ ಬರೆಯುತ್ತಿಲ್ಲ. ನನಗೆ ಬೇಕಾಗಿರುವುದು ಲೆಕ್ಕ ಹಾಕುವ ಕ್ರಮ.

ಸ್ಟೆಪ್ನಿ

ನಿಮ್ಮ ಮನೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ಕಂಪನಿಗೆ ವ್ಯಾನ್ ಕೊಳ್ಳುವ ಶಕ್ತಿ ಇಲ್ಲ ಎಂದಲ್ಲ. ಲೋಡ್ ಇಲ್ಲದ ದಿನ ನಿಂತ ಗಾಡಿಯ ಖರ್ಚು ಅವರ ತಲೆಯ ಮೇಲೆ ಬರುವುದು ಬೇಡ, ಅಷ್ಟೇ. ಕಂತು, ವಿಮೆ, ಸವೆತ, ರಿಪೇರಿ ಎಲ್ಲ ನಿಮ್ಮದು; ಲೋಡ್ ಕೊಡುವುದು ಬಿಡುವುದು ಅವರ ಇಷ್ಟ. ಅದು ಮೋಸವೇನೂ ಅಲ್ಲ, ವ್ಯಾಪಾರ. ಆದರೆ ಆ ಹೊರೆಗೂ ಬೆಲೆ ಇದೆ, ಅದು ಅವರು ಹೇಳುವ ದರದಲ್ಲಿ ಸೇರಿದೆಯೇ ಎಂಬುದನ್ನು ನೋಡಿ.

ಒಂದು ಪ್ರಶ್ನೆ ಕೇಳಿ, ಮಿಕ್ಕಿದ್ದು ಆಮೇಲೆ. ಅವರು ಬಾಡಿಗೆ ಕೊಡುವುದು ಯಾವ ಕಿಲೋಮೀಟರಿಗೆ? ಸರಕು ಹೊತ್ತಿರುವಾಗಿನದಕ್ಕೆ ಮಾತ್ರವೇ, ಮನೆಯಿಂದ ಗೋದಾಮಿಗೆ ಹೋಗುವುದು, ಇಳಿಸಿ ಖಾಲಿ ಬರುವುದು, ಅದಕ್ಕೂ ಉಂಟೇ?

ಹೊಸ ಹಾದಿ

ಲೋಡ್ ಇರುವಾಗಿನದಕ್ಕೆ ಮಾತ್ರ. ರಿಟರ್ನ್ ಲೋಡ್ "ಸಾಮಾನ್ಯವಾಗಿ ಸಿಗುತ್ತದೆ" ಎಂದಿದ್ದಾರೆ. ಖಾಲಿ ಬರುವಾಗ ಡೀಸೆಲ್ ಹೇಗೂ ಕಡಿಮೆ ಕುಡಿಯುತ್ತದಲ್ಲವೇ ಅಣ್ಣ?

ಸ್ಟೆಪ್ನಿ

ನೀವು ಅಂದುಕೊಂಡಷ್ಟು ಕಡಿಮೆಯಾಗುವುದಿಲ್ಲ. ಎತ್ತರದ ವ್ಯಾನ್ ಹೆದ್ದಾರಿಯಲ್ಲಿ ಹೋಗುವಾಗ ಎಂಜಿನ್‌ನ ಶಕ್ತಿ ಬಹುಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೆ. ಒಳಗೆ ಒಂದು ಟನ್ ಇದೆಯೋ ಬರಿ ಹಗ್ಗ ಬಿದ್ದಿದೆಯೋ ಗಾಳಿಗೆ ಗೊತ್ತಾಗುವುದಿಲ್ಲ. ತೂಕ ಕಾಡುವುದು ಏರು ರಸ್ತೆಯಲ್ಲಿ, ಪದೇ ಪದೇ ನಿಂತು ಹೊರಡುವ ಪೇಟೆಯ ರಸ್ತೆಯಲ್ಲಿ. ಮೇಲಾಗಿ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: 80ರಲ್ಲಿ ಹೋಗುವವರು 100ಕ್ಕೆ ಏರಿಸಿದರೆ ಆ ತಡೆ ಸುಮಾರು 56 ಶೇಕಡಾ ಹೆಚ್ಚು. ಇಳಿಸಿ ಆಯಿತು, ಬೇಗ ಮನೆ ಸೇರೋಣ ಎಂದು ಖಾಲಿ ಗಾಡಿಯನ್ನು ಓಡಿಸುವವರು ಬರುವಾಗಲೇ ಹೆಚ್ಚು ಸುಡುವುದೂ ಉಂಟು.

ಈಗ ಲೆಕ್ಕ ನೋಡಿ. ಡೀಸೆಲ್, ಟಯರ್, ಆಯಿಲ್, ರಿಪೇರಿ ಎಲ್ಲ ಸೇರಿ ಓಡಿದ ಕಿಲೋಮೀಟರಿಗೆ 10 ಖರ್ಚು, ಬಾಡಿಗೆ ಕಿಲೋಮೀಟರಿಗೆ 18 ಎಂದಿಟ್ಟುಕೊಳ್ಳಿ. ನೋಡಿದ ಕೂಡಲೇ 8 ಉಳಿಯಿತು ಎನ್ನಿಸುತ್ತದೆ. ಸರಕಿನೊಂದಿಗೆ 100 ಕಿ.ಮೀ. ಹೋದಿರಿ, ಲೋಡ್ ಎತ್ತಲು ಹೋಗಿದ್ದು, ಖಾಲಿ ಬಂದಿದ್ದು ಸೇರಿ ಇನ್ನು 60. ಖರ್ಚು 1,600, ಬಂದದ್ದು 1,800. ಬಾಡಿಗೆ ಸಿಕ್ಕ ಕಿಲೋಮೀಟರಿಗೆ ಉಳಿದದ್ದು ಎಂಟಲ್ಲ, ಎರಡು. ವಾಪಸು ಪೂರ್ತಿ ಖಾಲಿ ಬಂದರೆ ಖರ್ಚೇ 2,000, ಕೈಯಿಂದ 200 ಹಾಕಬೇಕು. ಇದರಲ್ಲಿ ಕಂತೂ ಇಲ್ಲ, ನಿಮ್ಮ ಕೂಲಿಯೂ ಇಲ್ಲ.

"ಸಾಮಾನ್ಯವಾಗಿ ಸಿಗುತ್ತದೆ" ಎಂಬುದನ್ನು ಕರಾರಿನಲ್ಲಿ ಬರೆದು ಕೊಡುತ್ತಾರೆಯೇ ಕೇಳಿ.

ಲೆಕ್ಕದ ಪುಸ್ತಕ

ಸ್ಟೆಪ್ನಿಯವರು ಓಡುವ ಖರ್ಚನ್ನು ಹೇಳಿದರು, ನಾನು ನಿಂತ ಖರ್ಚನ್ನು ಹೇಳುತ್ತೇನೆ. ಸಣ್ಣ ಸಾಗಣೆದಾರರ ಲೆಕ್ಕ ಬರೆಯುವುದೇ ನನ್ನ ಕೆಲಸ. ನೂರಕ್ಕೆ ತೊಂಬತ್ತು ಜನ ಎಂದು ಉತ್ಪ್ರೇಕ್ಷೆ ಮಾಡುವುದಿಲ್ಲ, ಆದರೆ ಬಹಳ ಜನ ಕಂತನ್ನೇ ಗಾಡಿಯ ಖರ್ಚು ಎಂದುಕೊಂಡಿರುತ್ತಾರೆ. ಕಂತು ಹಣ ಕಟ್ಟುವ ವೇಳಾಪಟ್ಟಿ, ಖರ್ಚು ಬೇರೆ.

ವ್ಯಾನಿನ ಬೆಲೆ 100 ಭಾಗ ಎಂದಿರಲಿ. ಐದು ವರ್ಷ ಓಡಿಸಿ 35ಕ್ಕೆ ಮಾರುತ್ತೀರಿ ಎಂದರೆ 65 ಭಾಗ ಕರಗಿತು, ವರ್ಷಕ್ಕೆ 13. ಇದು ಸವೆತ. ಯಾರೂ ಬಂದು ಕೇಳದ ಖರ್ಚು ಇದು, ಆದ್ದರಿಂದಲೇ ಯಾರೂ ಎತ್ತಿಡುವುದಿಲ್ಲ. 80 ಭಾಗ ಸಾಲ ತೆಗೆದು 10 ಶೇಕಡಾ ಇಳಿಕೆ ಬಡ್ಡಿಯಲ್ಲಿ (ತೀರದೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ) 60 ಕಂತು ಕಟ್ಟಿದರೆ ಒಟ್ಟು ಕಟ್ಟುವುದು ಸುಮಾರು 102; ಬಡ್ಡಿ 22, ವರ್ಷಕ್ಕೆ 4.4. ವಿಮೆ, ತೆರಿಗೆ, ಪರವಾನಗಿ, ನಿಲ್ಲಿಸುವ ಜಾಗ ಎಲ್ಲ ಸೇರಿ 6.6 ಹಿಡಿಯೋಣ. ಒಟ್ಟು ವರ್ಷಕ್ಕೆ 24 ಭಾಗ, ತಿಂಗಳಿಗೆ 2. ನಿಮ್ಮಲ್ಲಿ ಅಂಕಿ ಬೇರೆ ಇರಬಹುದು, ಕ್ರಮ ಇದೇ.

ಚಕ್ರ ಒಂದು ಸುತ್ತು ಉರುಳದಿದ್ದರೂ ವ್ಯಾನಿನ ಬೆಲೆಯ ಐವತ್ತರಲ್ಲಿ ಒಂದು ಪಾಲು ಪ್ರತಿ ತಿಂಗಳೂ ಹೋಗುತ್ತದೆ ಎಂದಾಯಿತು. ತಿಂಗಳಿಗೆ 2,400 ಕಿ.ಮೀ.ಗೆ ಬಾಡಿಗೆ ಸಿಕ್ಕರೆ ಆ 2 ಭಾಗವನ್ನು 2,400ರಿಂದ ಭಾಗಿಸಿ, 1,200ಕ್ಕೆ ಇಳಿದರೆ 1,200ರಿಂದ. ಲೋಡ್ ಅರ್ಧವಾದಾಗ ಕಿಲೋಮೀಟರಿನ ಮೇಲಿನ ಹೊರೆ ಇಮ್ಮಡಿ. ಸುಗ್ಗಿಯ ತಿಂಗಳ ಲೆಕ್ಕ ತೋರಿಸಿ ವ್ಯಾನ್ ಕೊಳ್ಳಿಸುವವರು ಹೆಚ್ಚು. ನೀವು ಕೇಳಬೇಕಾದದ್ದು ಲೋಡ್ ಕಡಿಮೆ ಇರುವ ತಿಂಗಳಿನ ಕಿಲೋಮೀಟರ್.

ಗೋಣಿ ಹಗ್ಗ

ಹೀಗೆಲ್ಲ ಪೆನ್ಸಿಲ್ ಹಿಡಿದು ಕೂತರೆ ಲೋಕದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲ. ಸ್ವಂತ ವ್ಯಾನ್ ಇದ್ದರೆ ಬೇಡದ ಲೋಡ್ ಬೇಡ ಎನ್ನಬಹುದು, ಒಳ್ಳೆಯ ಗಿರಾಕಿಯನ್ನು ನೇರವಾಗಿ ಹಿಡಿಯಬಹುದು. ಸಂಬಳದ ಕೆಲಸದಲ್ಲಿ ಅದು ಉಂಟೇ? ಇನ್ನು ಹೊಸ ವ್ಯಾನಿನ ಲೆಕ್ಕ ಹಾಕಿ ಹೆದರಿಸುವುದೇಕೆ? ನಾನು ಓಡಿಸುವುದು ಹಳೆಯ ವ್ಯಾನ್. ಕಂತಿಲ್ಲ, ಬಡ್ಡಿಯಿಲ್ಲ. ಅದರ ಬೆಲೆ ಇಳಿಯಬೇಕಾದಷ್ಟು ಇಳಿದಾಗಿದೆ. ಲೋಡ್ ಇಲ್ಲದ ವಾರ ನಾನು ನಿದ್ದೆ ಕೆಡಿಸಿಕೊಳ್ಳುವುದಿಲ್ಲ.

ಲೆಕ್ಕದ ಪುಸ್ತಕ

ಗೋಣಿ ಹಗ್ಗ ಅವರ ಮಾತನ್ನು ತಳ್ಳಿಹಾಕುವುದಿಲ್ಲ. ತಿಂಗಳಲ್ಲಿ ಕೆಲವೇ ದಿನ ಓಡುವವರಿಗೆ ಹಳೆಯ ವ್ಯಾನೇ ಸರಿ. ನಿಂತ ಖರ್ಚು ಕಡಿಮೆ, ಓಡುವ ಖರ್ಚು ಹೆಚ್ಚು. ದಿನವೂ ಓಡಬೇಕಾದವರಿಗೆ ಅದು ತಿರುಗುಮುರುಗು. ಒಪ್ಪಂದದ ಗಿರಾಕಿ ಇರುವಾಗ ಗಾಡಿ ದಾರಿಯಲ್ಲಿ ಕೈಕೊಟ್ಟರೆ ಗ್ಯಾರೇಜಿನ ಬಿಲ್ಲು ಚಿಕ್ಕದು. ಆ ದಿನದ ಬಾಡಿಗೆ, ಸರಕು ಮುಟ್ಟಿಸಲು ಹಿಡಿಯುವ ಬದಲಿ ಗಾಡಿ, ತಡವಾದದ್ದಕ್ಕೆ ದಂಡ, ಕೊನೆಗೆ ಕೈತಪ್ಪುವ ಗಿರಾಕಿ, ಇವು ದೊಡ್ಡವು. ಹಳೆಯ ವ್ಯಾನ್ ಕೊಳ್ಳುವವರು ಒಂದು ಎಂಜಿನ್ ಕೆಲಸದಷ್ಟು ಹಣ ಬೇರೆ ಎತ್ತಿಟ್ಟೇ ಕೊಳ್ಳಬೇಕು. ಅದೂ ಆ ವ್ಯಾನಿನ ಬೆಲೆಯೇ.

ಸ್ಪ್ಯಾನರ್ 14

ಹಳೆಯ ವ್ಯಾನ್ ನೋಡಲು ಹೋದವರು ಬಾನೆಟ್ ತೆಗೆದು ಎಂಜಿನ್ ನೋಡುತ್ತಾರೆ. ತೊಳೆದು ಒರೆಸಿಟ್ಟ ಎಂಜಿನ್ ಯಾವ ಕಥೆಯನ್ನೂ ಹೇಳುವುದಿಲ್ಲ. ನಾನು ಮೊದಲು ಮುಟ್ಟುವುದು ಪಕ್ಕಕ್ಕೆ ಸರಿಯುವ ಬಾಗಿಲನ್ನು. ಅರ್ಧ ತೆರೆದು ಹಿಂದಿನ ತುದಿಯನ್ನು ಹಿಡಿದು ಮೇಲಕ್ಕೆತ್ತಿ ನೋಡಿ. ಟಕ್ ಎಂದು ಅಲುಗಿದರೆ ರೋಲರ್ ಸವೆದಿದೆ. ದಿನಕ್ಕೆ ನೂರಾರು ಸಲ ತೆಗೆದು ಹಾಕಿದ ಬಾಗಿಲು ಅದು. ಆಮೇಲೆ ಚಾಲಕನ ಸೀಟಿನ ಹೊರ ಅಂಚು, ಇಳಿಯುವಾಗ ತೊಡೆ ಉಜ್ಜುವ ಜಾಗ. ಅಲ್ಲಿ ಸ್ಪಂಜು ಹೊರಬಂದಿದ್ದು, ಮೀಟರಿನಲ್ಲಿ ಕಿಲೋಮೀಟರ್ ಮಾತ್ರ ಕಡಿಮೆ ಇದ್ದರೆ, ಒಂದೋ ಮೀಟರ್ ತಿರುಗಿಸಿದ್ದಾರೆ, ಇಲ್ಲವೇ ಆ ವ್ಯಾನ್ ಪೇಟೆಯೊಳಗೆ ಮನೆ ಮನೆಗೆ ನಿಂತು ನಿಂತು ದುಡಿದಿದೆ. ಎರಡನೆಯದರಲ್ಲಿ ಕಿಲೋಮೀಟರ್ ನಿಜವೇ, ಆದರೆ ಕ್ಲಚ್, ಸ್ಟಾರ್ಟರ್, ಬ್ರೇಕ್ ಎಲ್ಲ ಅದಕ್ಕಿಂತ ಎಷ್ಟೋ ಹೆಚ್ಚು ಸವೆದಿರುತ್ತವೆ.

ಈಚಿನ ಡೀಸೆಲ್ ವ್ಯಾನ್ ಕೊಳ್ಳುವವರಿಗೆ ಇನ್ನೊಂದು ಮಾತು. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್ ಎನ್ನುತ್ತೇವೆ, ಅದು ಆಗಾಗ ಆ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ಎರಡು ಕಿಲೋಮೀಟರಿಗೆ ಒಮ್ಮೆ ಎಂಜಿನ್ ಆರಿಸುವ ಡೆಲಿವರಿಯಲ್ಲಿ ಅದು ಪ್ರತಿಸಲ ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್‌ನಲ್ಲಿ ಒಂದಿಷ್ಟು ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಮಟ್ಟ ಏರಿದ್ದರೆ "ಪರವಾಗಿಲ್ಲ, ಆಯಿಲ್ ಕುಡಿಯುತ್ತಿಲ್ಲ" ಎಂದು ಖುಷಿಪಡಬೇಡಿ, ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಆ ತೆಳುವಾದ ಆಯಿಲ್ ಬೇರಿಂಗ್ ಮತ್ತು ಟರ್ಬೊವನ್ನು ತಿನ್ನುತ್ತಿದೆ ಎಂದರ್ಥ.

ಟಯರ್ ವಿಷಯದಲ್ಲಿ ಕಂಜೂಸಿತನ ಬೇಡ. ವ್ಯಾನಿನ ಟಯರಿನ ಅಳತೆಯ ಕೊನೆಯಲ್ಲಿ ಸಿ ಅಕ್ಷರ ಇರುತ್ತದೆ, ಅದರ ಪಕ್ಕದಲ್ಲಿ ಭಾರದ ಅಂಕಿ. 121 ಎಂದಿದ್ದರೆ ಆ ಒಂದು ಟಯರ್ 1,450 ಕೆ.ಜಿ. ಹೊರುತ್ತದೆ, 112 ಎಂದಿದ್ದರೆ 1,120. ಅಳತೆ ಒಂದೇ ಎಂದು ಕಾರಿನ ಟಯರ್ ಹಾಕಿಸಿಕೊಂಡು ಬರುವವರನ್ನು ಈಗಲೂ ನೋಡುತ್ತೇನೆ.

ಬುಕಿಂಗ್ ಕಿಟಕಿ

ನಾನು ಲೋಡ್ ಹಂಚುವ ಮೇಜಿನ ಕಡೆಯವಳು, ಆದ್ದರಿಂದ ನಮ್ಮ ಕಡೆಯ ಗುಟ್ಟು ಒಂದೆರಡು ಹೇಳುತ್ತೇನೆ.

ತಮ್ಮಾ, ನೀವು ಕಿಲೋಮೀಟರ್ ದರದ ಹಿಂದೆ ಬಿದ್ದಿದ್ದೀರಿ. ಗಂಟೆಯ ಲೆಕ್ಕ ಯಾರು ಹಾಕುತ್ತಾರೆ? ಬೆಳಿಗ್ಗೆ ಗೋದಾಮಿನ ಗೇಟಿಗೆ ಹೋಗುತ್ತೀರಿ. ಸರಕು ಇನ್ನೂ ಪ್ಯಾಕ್ ಆಗುತ್ತಿರುತ್ತದೆ. ಆಮೇಲೆ ಫೋರ್ಕ್‌ಲಿಫ್ಟ್ ಬೇರೆ ಲಾರಿಗೆ ಹೋಗಿರುತ್ತದೆ. ಇಳಿಸುವ ಕಡೆ ಊಟದ ವಿರಾಮ. ಅಷ್ಟು ಹೊತ್ತೂ ನಿಮ್ಮ ಮೀಟರಿನಲ್ಲಿ ಒಂದು ಕಿಲೋಮೀಟರೂ ಏರುವುದಿಲ್ಲ. ಕಾಯುವುದಕ್ಕೆ ಬಾಡಿಗೆ ಕೇಳುವುದು ಮರ್ಯಾದೆಗೆಟ್ಟ ಕೆಲಸವೇನಲ್ಲ. ದೊಡ್ಡ ಸಾಗಣೆದಾರರೆಲ್ಲ ಇಂತಿಷ್ಟು ಗಂಟೆ ಉಚಿತ, ಆಮೇಲೆ ಗಂಟೆಗೆ ಇಷ್ಟು ಎಂದು ಕರಾರಿನಲ್ಲೇ ಬರೆಸುತ್ತಾರೆ. ಕೇಳದವರಿಗೆ ನಾವು ಕೊಡುವುದಿಲ್ಲ. ಗೇಟಿಗೆ ಬಂದ ಹೊತ್ತು, ಹೊರಟ ಹೊತ್ತು ಎರಡನ್ನೂ ರಸೀದಿಯ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಸಹಿ ಇಲ್ಲದ ಕಾಯುವಿಕೆಗೆ ತಿಂಗಳ ಕೊನೆಯಲ್ಲಿ ಸಾಕ್ಷಿ ಇರುವುದಿಲ್ಲ.

ಇನ್ನೊಂದು, ಹಣ ಯಾವಾಗ ಬರುತ್ತದೆ? 30 ದಿನವೋ, 60 ದಿನವೋ? ಡೀಸೆಲ್ ನಗದು, ಬಾಡಿಗೆ ಸಾಲ. 60 ದಿನದ ಬಾಕಿ ಎಂದರೆ ಎರಡು ತಿಂಗಳ ಡೀಸೆಲ್, ಎರಡು ಕಂತು, ಎರಡು ತಿಂಗಳ ಮನೆ ಖರ್ಚು ನಿಮ್ಮ ಕೈಯಿಂದ ಹೋದ ಮೇಲೆ ಮೊದಲ ಹಣ ಬರುತ್ತದೆ. ಬಿಲ್ಲಿನಲ್ಲಿ ಒಂದು ತಪ್ಪು ಸಿಕ್ಕರೆ ಅದು ಮುಂದಿನ ತಿಂಗಳಿಗೆ ಹೋಗುತ್ತದೆ. ಲೋಡ್ ಇಲ್ಲದೆ ಮುಳುಗಿದವರಿಗಿಂತ ಲೋಡ್ ತುಂಬ ಇದ್ದೂ ಡೀಸೆಲ್‌ಗೆ ಹಣವಿಲ್ಲದೆ ವ್ಯಾನ್ ಒಪ್ಪಿಸಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಹೊಸ ಹಾದಿ

ಅಕ್ಕಾ, ಇದು ನನ್ನ ತಲೆಗೇ ಬಂದಿರಲಿಲ್ಲ. ವ್ಯಾನಿನ ಮುಂಗಡಕ್ಕೆ ಕೂಡಿಟ್ಟ ಹಣವೇ ನನ್ನ ಪೂರ್ತಿ ಉಳಿತಾಯ.

ಬುಕಿಂಗ್ ಕಿಟಕಿ

ಹಾಗಾದರೆ ಮುಂಗಡ ಕಡಿಮೆ ಬೀಳುವ, ಬೆಲೆ ಕಡಿಮೆ ಇರುವ ವ್ಯಾನನ್ನೇ ನೋಡಿ. ಎರಡು ತಿಂಗಳ ಖರ್ಚನ್ನು ಮುಟ್ಟಲೇಬೇಡಿ.

ಡಬ್ಬಿ ಅಳತೆ

ತೂಕದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಒಟ್ಟು ತೂಕ 3,500 ಕೆ.ಜಿ. ಎಂದು ತಗಡಿನ ಮೇಲೆ ಬರೆದಿದ್ದರೆ ಮೂರೂವರೆ ಟನ್ ಹಾಕಬಹುದು ಎಂದು ತಿಳಿಯುವವರಿದ್ದಾರೆ. ಅದರಲ್ಲಿ ವ್ಯಾನಿನ ತೂಕವೇ ಎರಡು ಟನ್ನಿನ ಮೇಲಿರಬಹುದು. ಉಳಿದದ್ದರಲ್ಲಿ ನೀವು, ನಿಮ್ಮ ಸಹಾಯಕ, ಒಳಗೆ ಹೊಡೆಸಿದ ಪ್ಲೈವುಡ್, ಕಬ್ಬಿಣದ ಅಟ್ಟ, ಕೈಗಾಡಿ, ಬೆಲ್ಟು, ಟಾರ್ಪಾಲು. 70 ಲೀಟರ್ ಡೀಸೆಲ್ಲೇ 58 ಕೆ.ಜಿ. ಹತ್ತಿರ. ಎಲ್ಲ ತುಂಬಿಕೊಂಡು, ಸರಕು ಮಾತ್ರ ಇಲ್ಲದೆ, ತೂಕದ ಕಟ್ಟೆಗೆ ಒಮ್ಮೆ ಹೋಗಿ ಬನ್ನಿ. ಆ ಚೀಟಿಯಲ್ಲಿ ಬರುವ ಅಂಕಿಯನ್ನು ಕಳೆದು ಉಳಿಯುವುದಷ್ಟೇ ನಿಮ್ಮ ಸರಕಿನ ತೂಕ.

ಹಗುರ ಸರಕಿನಲ್ಲಿ ಇದಕ್ಕೆ ವಿರುದ್ಧ. ಸ್ಪಂಜು, ಪ್ಲಾಸ್ಟಿಕ್ ಡಬ್ಬ, ದೀಪದ ಗೂಡು, ಇವು ವ್ಯಾನ್ ತುಂಬಿದರೂ ತೂಕ ಬರುವುದಿಲ್ಲ. ಅದಕ್ಕೇ ಅಳತೆಯಿಂದ ತೂಕ ಹಿಡಿಯುವ ಪದ್ಧತಿ. ವಿಮಾನ ಸರಕಿನಲ್ಲಿ 6,000 ಘನ ಸೆಂಟಿಮೀಟರಿಗೆ 1 ಕೆ.ಜಿ. ಎಂದು ಹಿಡಿಯುತ್ತಾರೆ, ರಸ್ತೆಯಲ್ಲಿ ಘನ ಮೀಟರಿಗೆ 333 ಕೆ.ಜಿ. ಎಂದು ಹಿಡಿಯುವ ರೂಢಿ ಹಲವೆಡೆ ಇದೆ. 60, 50, 40 ಸೆಂ.ಮೀ. ಅಳತೆಯ ಒಂದು ಪೆಟ್ಟಿಗೆ ಮೊದಲ ಲೆಕ್ಕದಲ್ಲಿ 20 ಕೆ.ಜಿ., ಎರಡನೆಯದರಲ್ಲಿ ಸುಮಾರು 40. ಒಳಗಿರುವುದು ಐದೇ ಕೆ.ಜಿ. ಇರಬಹುದು. ಕಂಪನಿಯವರು ಗಿರಾಕಿಯ ಹತ್ತಿರ ಅಳತೆಯ ಲೆಕ್ಕದಲ್ಲಿ ತೆಗೆದುಕೊಂಡು ನಿಮಗೆ ತೂಕದ ಲೆಕ್ಕದಲ್ಲಿ ಕೊಡುತ್ತಿದ್ದಾರೆಯೇ ನೋಡಿಕೊಳ್ಳಿ.

ವ್ಯಾನ್ ಕೊಳ್ಳುವ ಮೊದಲು ಹಿಂದಿನ ಬಾಗಿಲಿನ ಅಗಲ, ಚಕ್ರದ ಗೂಡುಗಳ ನಡುವಿನ ಅಂತರ ಅಳೆಯಿರಿ. ಯೂರೋ ಪ್ಯಾಲೆಟ್ 1,200 × 800 ಮಿ.ಮೀ. ಎರಡು ಬೆರಳು ಕಡಿಮೆಯಾದರೂ ಪ್ಯಾಲೆಟ್ ಬಿಚ್ಚಿ ಪೆಟ್ಟಿಗೆ ಪೆಟ್ಟಿಗೆಯಾಗಿ ಎತ್ತಬೇಕು.

ಬ್ಯಾಟರಿ ಬಂಡಿ

ಎಲ್ಲರೂ ಡೀಸೆಲ್ ಎನ್ನುತ್ತಿದ್ದೀರಿ. ಒಂದೇ ಗೋದಾಮಿನಿಂದ ಹೊರಟು ಸಂಜೆ ಅಲ್ಲಿಗೇ ಮರಳುವ, ದಿನವೂ ಹೆಚ್ಚುಕಡಿಮೆ ಅದೇ ದೂರದ ಕೆಲಸವಿದ್ದರೆ ವಿದ್ಯುತ್ ವ್ಯಾನ್ ಯೋಚಿಸಿ. ಸ್ಪ್ಯಾನರ್ ಅವರು ಹೇಳಿದ ನಿಂತು ಹೊರಡುವ ಓಟವೇ ಇದಕ್ಕೆ ಹಿತ. ಬ್ರೇಕ್ ಹಾಕಿದಾಗ ಒಂದಿಷ್ಟು ವಿದ್ಯುತ್ ಬ್ಯಾಟರಿಗೆ ಮರಳುತ್ತದೆ, ಬ್ರೇಕ್ ಪ್ಯಾಡ್ ಬಹಳ ಕಾಲ ಬರುತ್ತದೆ, ಕ್ಲಚ್ ಎಂಬುದೇ ಇಲ್ಲ.

ಆದರೆ ರಾತ್ರಿ ಸ್ವಂತ ಜಾಗದಲ್ಲಿ ಚಾರ್ಜ್ ಮಾಡುವ ಅನುಕೂಲ ಇರಲೇಬೇಕು. ದಾರಿಯ ವೇಗದ ಚಾರ್ಜರ್ ನಂಬಿಕೊಂಡರೆ ವಿದ್ಯುತ್ತಿನ ದರವೂ ಹೆಚ್ಚು, ಸಮಯವೂ ಹೋಗುತ್ತದೆ. 80 ಶೇಕಡಾ ದಾಟಿದ ಮೇಲೆ ಚಾರ್ಜ್ ಏರುವ ವೇಗ ತಗ್ಗುವುದರಿಂದ ಪೂರ್ತಿ ತುಂಬಲು ಕಾಯುವುದು ದಂಡ. ಬ್ಯಾಟರಿಯ ತೂಕ ಸರಕಿನ ತೂಕವನ್ನು ತಿನ್ನುತ್ತದೆ. ಹೆದ್ದಾರಿಯ ವೇಗದಲ್ಲಿ, ಚಳಿಯಲ್ಲಿ ಓಟ ಕುಗ್ಗುತ್ತದೆ. ಕರೆ ಬಂದ ಕೂಡಲೇ ಎಲ್ಲಿಗೆಂದರೆ ಅಲ್ಲಿಗೆ ಹೊರಡಬೇಕಾದ ಕೆಲಸಕ್ಕೆ ನಾನಾದರೆ ಇದನ್ನು ಕೊಳ್ಳುವುದಿಲ್ಲ.

ಲೆಕ್ಕದ ಪುಸ್ತಕ

ವಿಮೆಯ ಬಗ್ಗೆ ಒಂದು ಮಾತು ಸೇರಿಸಿ ಮುಗಿಸುತ್ತೇನೆ. ವ್ಯಾನಿನ ವಿಮೆ ಬೇರೆ, ಒಳಗಿನ ಸರಕಿನ ವಿಮೆ ಬೇರೆ. ಸ್ವಂತ ಬಳಕೆಯ ವಿಮೆ ಮಾಡಿಸಿ ಬಾಡಿಗೆಗೆ ಓಡಿಸುತ್ತಿದ್ದರೆ ಅಪಘಾತದ ದಿನ ವಿಮಾ ಕಂಪನಿ ಕೈ ತೊಳೆದುಕೊಳ್ಳಬಹುದು. ಸರಕು ಹಾಳಾದರೆ ನಿಮ್ಮ ಹೊಣೆ ಎಷ್ಟಕ್ಕೆ ಸೀಮಿತ ಎಂಬುದನ್ನು ಕರಾರಿನಲ್ಲಿ ಹುಡುಕಿ. ದೇಶದಿಂದ ದೇಶಕ್ಕೆ ರಸ್ತೆ ಸಾಗಣೆಗೆಂದು 1956ರಲ್ಲಿ ಜಿನೀವಾದಲ್ಲಿ ಆದ ಸಿಎಂಆರ್ ಒಪ್ಪಂದವು, 1978ರ ಪರಿಷ್ಕರಣೆಯ ನಂತರ, ಸಾಗಣೆದಾರನ ಹೊಣೆಯನ್ನು ಕೆ.ಜಿ.ಗೆ 8.33 ಎಸ್‌ಡಿಆರ್‌ಗೆ ಮಿತಿಗೊಳಿಸಿದೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಎಂದರೆ ಇಂಥ ಮಿತಿ ಕೇಳುವುದು ಹೊಸ ಬೇಡಿಕೆಯೇನಲ್ಲ. "ಸರಕಿನ ಪೂರ್ತಿ ಬೆಲೆ ವ್ಯಾನ್ ಮಾಲೀಕನದು" ಎಂಬ ಸಾಲಿದ್ದರೆ ಒಂದು ಪೆಟ್ಟಿಗೆ ಮೊಬೈಲ್ ಫೋನ್ ನಿಮ್ಮ ವ್ಯಾನಿಗಿಂತ ದುಬಾರಿಯಾಗಬಹುದು.

ಗೋಣಿ ಹಗ್ಗ

ಇಷ್ಟೆಲ್ಲ ಕೇಳಿ ಹುಡುಗ ಓಡಿಹೋದರೆ ಹೊಣೆ ನಿಮ್ಮೆಲ್ಲರದು. ಸರಿ, ನನ್ನ ಕಡೆಯಿಂದಲೂ ಒಂದು ಉಪಾಯ: ಕೊಳ್ಳುವ ಮೊದಲು ಒಂದು ತಿಂಗಳು ವ್ಯಾನ್ ಬಾಡಿಗೆಗೆ ಹಿಡಿದು ಅದೇ ಕಂಪನಿಗೆ ಓಡಿಸಿ. ದುಡ್ಡು ಉಳಿಯುವುದಿಲ್ಲ, ಆದರೆ ಅವರ ಲೋಡ್ ಎಷ್ಟು, ಮಾತು ಎಷ್ಟು ಎಂಬುದು ತಿಳಿಯುತ್ತದೆ.

ಸ್ಟೆಪ್ನಿ

ಒಳ್ಳೆಯ ಮಾತು. ಆದರೆ ಬಾಡಿಗೆ ವ್ಯಾನಿನಲ್ಲಿ ಬೇರೆಯವರ ಸರಕು ಸಾಗಿಸಲು ಅನುಮತಿ ಇದೆಯೇ ಎಂದು ಅದರ ಕರಾರು ಓದಿ. ಎಷ್ಟೋ ಕಡೆ ಇರುವುದಿಲ್ಲ. ಮೊದಲ ತಿಂಗಳು ಹೊಸಬರಿಗೆ ಒಳ್ಳೆಯ ಲೋಡ್ ಕೊಟ್ಟು ರುಚಿ ಹತ್ತಿಸುವವರೂ ಇದ್ದಾರೆ. ಅಲ್ಲಿ ಈಗಾಗಲೇ ಓಡಿಸುತ್ತಿರುವ ಚಾಲಕರ ಜೊತೆ ಗೇಟಿನ ಹೊರಗೆ ಕೂತು ಮಾತನಾಡಿ, ಅದು ಇನ್ನೂ ಅಗ್ಗ.

ಹೊಸ ಹಾದಿ

ಎಲ್ಲರಿಗೂ ಧನ್ಯವಾದ. ಇವತ್ತು ಕಂಪನಿಗೆ ಹೋಗಿ ಕೇಳಿದೆ. ಖಾಲಿ ಓಟಕ್ಕೆ ಏನೂ ಇಲ್ಲ. ಕಾಯುವುದಕ್ಕೆ ಬಾಡಿಗೆ "ಆಮೇಲೆ ನೋಡೋಣ". ಹಣ 45 ದಿನಕ್ಕೆ. ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಬರೆದು ಕೊಡುವುದಿಲ್ಲವಂತೆ, ಆದರೆ ನಾನು ವಾರದಲ್ಲಿ ಆರು ದಿನ ಅವರಿಗೆ ಮಾತ್ರ ಓಡಿಸಬೇಕು ಎಂಬುದು ಮಾತ್ರ ಕರಾರಿನಲ್ಲಿ ಇದೆ. ನನ್ನ ಕೂಲಿಯನ್ನು ಈಗಿನ ಸಂಬಳದಷ್ಟೇ ಹಿಡಿದು ಪುಸ್ತಕದವರ ಕ್ರಮದಲ್ಲಿ ಲೆಕ್ಕ ಹಾಕಿದರೆ, ರಿಟರ್ನ್ ಲೋಡ್ ಅರ್ಧಕ್ಕಿಂತ ಹೆಚ್ಚು ಸಲ ಸಿಕ್ಕರೆ ಮಾತ್ರ ಏನಾದರೂ ಉಳಿಯುತ್ತದೆ.

ಬುಕಿಂಗ್ ಕಿಟಕಿ

ಅವರಿಗೆ ಮಾತ್ರ ಓಡಿಸಬೇಕು ಎನ್ನುವುದಾದರೆ ಕನಿಷ್ಠ ಕಿಲೋಮೀಟರಿಗೆ ಅವರು ಬದ್ಧರಾಗಲೇಬೇಕು. ಬೇಡವೆಂದರೆ ಆ ಷರತ್ತು ಹೊಡೆದುಹಾಕಲಿ, ಖಾಲಿ ಬರುವಾಗ ನೀವು ಬೇರೆಯವರ ಲೋಡ್ ಹಿಡಿದುಕೊಳ್ಳುತ್ತೀರಿ. ಎರಡರಲ್ಲಿ ಒಂದನ್ನು ಅವರೇ ಆರಿಸಲಿ. ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಕಳುಹಿಸಿ ಕೇಳಿ. ಉತ್ತರ ಬರುವವರೆಗೆ ಈಗಿನ ಕೆಲಸ ಬಿಡಬೇಡಿ.

ಸ್ಪ್ಯಾನರ್ 14

ಅಷ್ಟರಲ್ಲಿ ಹಳೆಯ ವ್ಯಾನ್ ಯಾವುದಾದರೂ ನೋಡಲು ಹೋದರೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಹೊತ್ತಿಗೆ ಬಾನೆಟ್ ಬಿಸಿಯಾಗಿದ್ದರೆ, ಯಾಕೆ ಮೊದಲೇ ಸ್ಟಾರ್ಟ್ ಮಾಡಿದ್ದೀರಿ ಎಂದು ಕೇಳಿ, ಇನ್ನೊಂದು ದಿನ ಹೇಳದೆ ಹೋಗಿ.